ಪಾಠಯೋಜನೆಯ ಆ ಕೊನೆಯ ಕಾಲಂ

ನಮಸ್ಕಾರ. ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಒಂದು ಗುಟ್ಟಿನಿಂದ ಶುರು ಮಾಡುತ್ತೇನೆ. ನಮ್ಮ ಪಾಠಯೋಜನೆಯಲ್ಲಿ ಕೊನೆಗೊಂದು ಕಾಲಂ ಇರುತ್ತದೆ, ‘ಶಿಕ್ಷಕರ ಸ್ವಾವಲೋಕನ’ ಅಂತ. ಅಲ್ಲಿ ಏನು ಬರೆಯುತ್ತೇವೆ? ‘ಚಟುವಟಿಕೆ ಫಲಪ್ರದವಾಗಿದೆ.’ ಎಷ್ಟೋ ಸಲ ಪಾಠಕ್ಕೆ ಮೊದಲೇ ಬರೆದಾಗಿರುತ್ತದೆ! ಸಾಹೇಬರು ಬಂದು ಸಹಿ ಹಾಕುತ್ತಾರೆ. ಅಲ್ಲಿಗೆ ಮುಗೀತು.

ಈ ಕೆಲಸದಲ್ಲಿ ಖುಷಿಯೇ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಗೊಣಗುತ್ತೇವೆ. ನನ್ನ ಪ್ರಕಾರ, ಖುಷಿ ಸಿಗುವ ಜಾಗಕ್ಕೆ ನಾವೇ ಆ ಒಂದು ಸಾಲಿನ ಬೀಗ ಹಾಕಿಟ್ಟಿದ್ದೇವೆ.

ನಾನು ನಲಿ-ಕಲಿ ಟೀಚರ್. ಸಣ್ಣ ತರಗತಿಗಳ ಮಕ್ಕಳು ಒಟ್ಟಿಗೆ ಕೂತು, ಕಾರ್ಡ್ ಹಿಡಿದು ನಲಿಯುತ್ತಾ ಕಲಿಯುವ ಪದ್ಧತಿ ಅದು. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ, ಆ, ಇ, ಈ ಅಂತಲ್ಲ. ರ, ಗ, ಸ, ದ, ಅ ಅಂತ. ಈ ಐದು ಬಂದರೆ ಅರಸ, ಅಗಸ, ಸರ, ದರ ಎಲ್ಲ ಓದಬಹುದು. ಒಂದನೇ ತರಗತಿಯ ಹುಡುಗನೊಬ್ಬ ‘ಗರಗಸ’ ಅಂತ ಬರೆದ ಕಾರ್ಡ್ ಹಿಡಿದು ಕೂತಿದ್ದ. ಗ, ರ, ಗ, ಸ ಅಂತ ಬಿಡಿಬಿಡಿಯಾಗಿ ಹೇಳ್ತಾನೆ, ಪದ ಮಾತ್ರ ಕೂಡುತ್ತಿಲ್ಲ. ಪಕ್ಕದಲ್ಲಿದ್ದ ಎರಡನೇ ತರಗತಿಯ ಹುಡುಗಿ ಕೊನೆಯ ಎರಡು ಅಕ್ಷರದ ಮೇಲೆ ಕೈ ಇಟ್ಟಳು. ‘ಗರ’ ಅಂದ. ಕೈ ಸರಿಸಿ ಮೊದಲಿನ ಎರಡು ಮುಚ್ಚಿದಳು. ‘ಗಸ’ ಅಂದ. ಕೈ ತೆಗೆದಳು.

‘ಗರಗಸ! ಟೀಚರ್, ನಮ್ಮಪ್ಪನ ಹತ್ರ ಇದೆ ಇದು!’

ಇಂಥದ್ದು ದಿನಾ ಏನಾದರೂ ನಡೆಯುತ್ತದೆ. ಅಷ್ಟರಲ್ಲಿ ಬೆಲ್, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ. ಸಂಜೆ ಹೊತ್ತಿಗೆ ತಲೆಯಲ್ಲಿ ಉಳಿಯುವುದು ಸುಸ್ತು ಒಂದೇ. ಆವತ್ತು ಮಾತ್ರ ಕಾಲಂನಲ್ಲಿ ನಡೆದದ್ದನ್ನೇ ಬರೆದೆ. ಬರೆಯುವಾಗ ಪ್ರಶ್ನೆ ಎದ್ದಿತು: ಈ ಉಪಾಯ ಅವಳಿಗೆ ಹೇಗೆ ಹೊಳೆಯಿತು? ಮಾರನೇ ದಿನ ಕೇಳಿದೆ. ‘ಸುಮ್ನೆ ಟೀಚರ್. ಅವನಿಗೆ ಒಟ್ಟಿಗೆ ಜಾಸ್ತಿ ಆಗಿತ್ತು’ ಅಂದಳು. ಟ್ರೈನಿಂಗಿನಲ್ಲಿ ಅರ್ಧ ದಿನ ಹೇಳುವ ವಿಷಯ ಅಲ್ವಾ ಇದು? ಈಗ ತಡವರಿಸುವ ಮಕ್ಕಳ ಪಕ್ಕ ಕೂತು ನಾನೂ ಹಾಗೇ ಕೈ ಇಡುತ್ತೇನೆ. ಯಾವ ಮಗುವಿಗೆ ಎಲ್ಲಿ ಸಿಕ್ಕು ಬಿದ್ದಿದೆ ಅಂತ ನೋಡುವ ಚಟ ಹತ್ತಿಬಿಟ್ಟಿದೆ. ಬೆಳಿಗ್ಗೆ ಶಾಲೆಗೆ ಹೊರಡುವ ಹುರುಪು ಅಲ್ಲಿಂದಲೇ ಬರುವುದು.

ನಲಿ-ಕಲಿ ಹುಟ್ಟಿದ್ದೂ ಹೀಗೆ ನೋಡುವವರಿಂದಲೇ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಲು ಹೋದರು. ಮಕ್ಕಳು ಕಾರ್ಡ್ ಹಿಡಿದು ತಮ್ಮ ಪಾಡಿಗೆ ಕಲಿಯುವುದನ್ನು ಕಂಡು ಬಂದು, ನಮ್ಮ ಮಕ್ಕಳಿಗೆ ಹೊಂದುವ ಕಾರ್ಡ್ ಮಾಡಿದರು. 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬಂದ ಮೇಲೆ ಅದೂ ದಾಖಲೆ ತುಂಬುವ ಕೆಲಸ ಆಯ್ತು ಅಂತ ದೂರುವವರಿದ್ದಾರೆ. ಆ ಮಾತಲ್ಲಿ ಸುಳ್ಳಿಲ್ಲ.

ಅವಲೋಕನಕ್ಕೂ ಅದೇ ಗತಿ. ಅಧಿಕಾರಿ ಓದುತ್ತಾರೆ ಅಂದರೆ ಯಾರು ತಾನೇ ನಿಜ ಬರೆಯುತ್ತಾರೆ? ಅದಕ್ಕೇ ನನ್ನದೊಂದು ಬೇಡಿಕೆ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದುವುದು ಇದ್ದೇ ಇದೆ. ಅರ್ಧ ಗಂಟೆ ಈ ಕಾಲಂ ಓದೋಣ. ಏನೂ ನಡೆಯದ ದಿನದ್ದನ್ನೂ ಓದೋಣ. ಸಹಿ ಬೇಡ, ಅಂಕ ಬೇಡ. ಫೋಟೋ ತೆಗೆದು ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.