ನಗು ಬಂದರೆ ದಿಂಬು ಹಿಡಿದುಕೊಳ್ಳಿ

(ಬೀದರದಲ್ಲಿ ಚರ್ಚ್ ಸಭೆಯ ಮಹಿಳಾ ಸಂಘದ ಕೂಟದಲ್ಲಿ ನಿವೃತ್ತ ನರ್ಸ್ ಒಬ್ಬರು ಮಾಡಿದ ಉಪನ್ಯಾಸ)

ಪಾಸ್ಟರ್ ಅಯ್ಯನವರೇ, ಸಭೆಯ ಹಿರಿಯರೇ, ಅಕ್ಕತಂಗಿಯರೇ, ಎಲ್ಲರಿಗೂ ವಂದನೆಗಳು.

ನನಗೆ ಮೈಕ್ ಮುಂದೆ ನಿಂತು ರೂಢಿ ಇಲ್ಲ. 31 ವರ್ಷ ನರ್ಸ್ ಕೆಲಸ ಮಾಡಿದವಳು. ಇಂಜೆಕ್ಷನ್ ಆದರೆ ಕಣ್ಣು ಮುಚ್ಚಿ ಕೊಡುತ್ತೇನೆ. ಅಂದರೆ, ಕಣ್ಣು ಮುಚ್ಚಿಕೊಳ್ಳೋದು ನೀವು. ಭಾಷಣ ಹಾಗಲ್ಲ ನೋಡಿ, ಎಲ್ಲರೂ ಕಣ್ಣು ಬಿಟ್ಟುಕೊಂಡೇ ಕೂತಿರುತ್ತೀರಿ. ಹಿಂದಿನಿಂದ ಬಗಾರಾ ಅನ್ನದ ವಾಸನೆ ಬೇರೆ ಬರುತ್ತಿದೆ. ಜಾಸ್ತಿ ಹೊತ್ತು ಹಿಡಿಯುವುದಿಲ್ಲ.

ಸಂಘದವರು ಕೊಟ್ಟ ವಿಷಯ ನಂಬಿಕೆ ಮತ್ತು ಸ್ವಸ್ಥತೆ. ನಾನೇ ಅದರ ನಡುವೆ ನಗುವನ್ನು ಸೇರಿಸಿದೆ. ಯಾಕೆ ಅಂತ ಹೇಳುತ್ತೇನೆ.

ಬಹಳ ವರ್ಷದ ಹಿಂದಿನ ಮಾತು. ನಮ್ಮ ವಾರ್ಡಿನಲ್ಲಿ ಔರಾದ ಕಡೆಯ ಒಬ್ಬ ಮುತ್ಯಾ ಇದ್ದರು. ಹೊಟ್ಟೆಯ ಆಪರೇಷನ್ ಆಗಿತ್ತು. ಹೊಟ್ಟೆ ಕೊಯ್ದ ಮೇಲೆ ರೋಗಿ ಆಳವಾಗಿ ಉಸಿರೆಳೆಯಬೇಕು, ಕೆಮ್ಮಿ ಕಫ ಹೊರಗೆ ಹಾಕಬೇಕು. ಇಲ್ಲದಿದ್ದರೆ ಅದು ಎದೆಯಲ್ಲೇ ನಿಂತು ನ್ಯುಮೋನಿಯಾಕ್ಕೆ ತಿರುಗಬಹುದು. ಅದಕ್ಕೇ ಮೂರು ಗುಂಡುಗಳಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಊದಿಸುವುದು, ಅಲ್ಲ, ಊದಿಸುವುದಲ್ಲ, ಉಸಿರೆಳೆಸುವುದು. ಅರ್ಧ ಜನ ಅದನ್ನು ಊದುತ್ತಾರೆ. ಗುಂಡು ಮೇಲೇಳುವುದಿಲ್ಲ, ಡಬ್ಬಿ ಕೆಟ್ಟಿದೆ ಅಂತ ನಮಗೇ ಬೈಯುತ್ತಾರೆ. ಕೆಮ್ಮುವಾಗ ಹೊಲಿಗೆ ಎಳೆಯದಂತೆ ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ ಅಂತಲೂ ಹೇಳಿಕೊಡುತ್ತೇವೆ.

ಮುತ್ಯಾ ಡಬ್ಬಿ ಮುಟ್ಟಲಿಲ್ಲ. ಕೆಮ್ಮಲಿಲ್ಲ. "ಯವ್ವಾ, ಕೆಮ್ಮಿದ್ರ ಹೊಲಿಗಿ ಬಿಚ್ತದ. ಮತ್ತ ನೀ ಹೊಲಿತಿ ಏನು?" ಅಂದರು. ಮೂರು ದಿನ ಹೀಗೇ.

ಮೂರನೇ ದಿನ ಸಂಜೆ ಅವರ ಸಭೆಯಿಂದ ಏಳೆಂಟು ಜನ ಬಂದರು. ಒಬ್ಬ ಹಿರಿಯರು ಪ್ರಾರ್ಥನೆಗೆ ನಿಂತರು. ಬೈಬಲಿನ ಅಬ್ರಹಾಮನಿಂದ ಶುರು ಮಾಡಿದರು. ದಾವೀದನ ಹತ್ತಿರ ಬರುವಷ್ಟರಲ್ಲಿ ಮುತ್ಯಾ ಮೆಲ್ಲಗೆ "ಆಮೆನ್" ಅಂದರು. ಹಿರಿಯರು ನಿಲ್ಲಿಸಲಿಲ್ಲ. ಪ್ರವಾದಿಗಳಾದರು, ಸ್ನಾನಿಕನಾದ ಯೋಹಾನ ಬಂದ. ಮುತ್ಯಾ ಸ್ವಲ್ಪ ಜೋರಾಗಿ "ಆಮೆನ್" ಅಂದರು. ಪ್ರಾರ್ಥನೆ ಮುಂದುವರೆಯಿತು. ಪೌಲನ ಹಡಗು ಒಡೆಯುವ ಹೊತ್ತಿಗೆ ಮುತ್ಯಾ ಕಣ್ಣು ಬಿಟ್ಟು, "ಆಮೆನ್ ಅಂದೆನಲ್ಲೋ ತಮ್ಮಾ!" ಅಂದರು.

ಮೊದಲು ನಕ್ಕಿದ್ದು ಪಕ್ಕದ ಮಂಚದ ಚಾಚಾ. ಆಮೇಲೆ ವಾರ್ಡೇ ನಕ್ಕಿತು. ಮುತ್ಯಾನಿಗೂ ತಡೆಯಲಾಗಲಿಲ್ಲ. ನಗು, ಅಯ್ಯೋ ನೋವು, ಮತ್ತೆ ನಗು. ನಾನು ಓಡಿಹೋಗಿ ದಿಂಬು ಒತ್ತಿ ಹಿಡಿದೆ. ನಗು ಕೆಮ್ಮಾಯಿತು, ಕೆಮ್ಮಿಗೆ ಕಫ ಬಂತು. ಮೂರು ದಿನ ಬೇಡಿಕೊಂಡರೂ ಆಗದ ಕೆಲಸ.

ಆ ಹಿರಿಯರು ದೊಡ್ಡ ಮನುಷ್ಯರು, ಬೇಜಾರು ಮಾಡಿಕೊಳ್ಳಲಿಲ್ಲ. ಮರುದಿನ ಒಬ್ಬರೇ ಬಂದರು. ಎರಡೇ ಮಾತಿನಲ್ಲಿ ಪ್ರಾರ್ಥನೆ ಮುಗಿಸಿದರು. ಕೈಯಲ್ಲಿ ರವೆ ಗಂಜಿಯ ಡಬ್ಬಿ ಇತ್ತು.

ನಗುವಿನಿಂದ ಮುತ್ಯಾನ ಹೊಟ್ಟೆ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ವಾಸಿ ಮಾಡಿದ್ದು ಹೊಲಿಗೆ, ಆ್ಯಂಟಿಬಯೋಟಿಕ್, ಡಾಕ್ಟರ ಕೈ. ಆದರೆ ಮದ್ದು ಕೆಲಸ ಮಾಡಬೇಕಾದರೆ ರೋಗಿಯೂ ಸ್ವಲ್ಪ ಕೆಲಸ ಮಾಡಬೇಕು. ಭಯ ಅದಕ್ಕೆ ಬಿಡುವುದಿಲ್ಲ. ಅವತ್ತು ಆ ಭಯ ಒಂದು ಗಳಿಗೆ ಕೈಬಿಟ್ಟಿತು, ಅಷ್ಟೇ.

ನಗುವಿನ ಬಗ್ಗೆ ಓದಿದವರು ಒಂದೆರಡು ಮಾತು ಹೇಳಿದ್ದಾರೆ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಜನ ಯಾವಾಗ ನಗುತ್ತಾರೆ ಅಂತ ಲೆಕ್ಕ ಇಟ್ಟರು. ಒಬ್ಬರೇ ಇದ್ದಾಗ ನಗುವುದಕ್ಕಿಂತ ನಾಲ್ಕು ಜನರ ಜೊತೆ ಇದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತೇವಂತೆ. ಅದರಲ್ಲೂ ಬಹುಪಾಲು ನಗು ಜೋಕಿಗೆ ಬರುವುದಲ್ಲ, ಸುಮ್ನೆ ಮಾತುಕತೆಯಲ್ಲಿ ಬರುವುದು. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಜೊತೆಯವರು 2011ರಲ್ಲಿ ತೋರಿಸಿದ್ದು ಇನ್ನೊಂದು: ಜನರ ಜೊತೆ ಸೇರಿ ಹೊಟ್ಟೆ ತುಂಬ ನಕ್ಕ ಮೇಲೆ ನೋವು ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆ. ನಾರ್ಮನ್ ಕಸಿನ್ಸ್ ಎಂಬ ಪತ್ರಿಕಾ ಸಂಪಾದಕರ ಕಥೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. 1964ರಲ್ಲಿ ಅವರಿಗೆ ಬೆನ್ನುಮೂಳೆ, ಕೀಲುಗಳ ಕಾಯಿಲೆ ಬಂತು. ಹಾಸ್ಯದ ಸಿನಿಮಾ ನೋಡಿ 10 ನಿಮಿಷ ನಕ್ಕರೆ ಎರಡು ಗಂಟೆ ನೋವಿಲ್ಲದೆ ನಿದ್ದೆ ಬರುತ್ತಿತ್ತು ಅಂತ ಅವರೇ ಬರೆದರು. ಜನ ಇಷ್ಟನ್ನೇ ಹೇಳಿ ಬಿಡುತ್ತಾರೆ. ಆತ ವಿಟಮಿನ್ ಸಿ ಕೂಡ ಬೇಕಾದಷ್ಟು ತೆಗೆದುಕೊಂಡಿದ್ದರು, ಜೊತೆಗೆ ನಂಬುವಂಥ ಡಾಕ್ಟರೊಬ್ಬರು ಇದ್ದರು. ಅದನ್ನೂ ಹೇಳಬೇಕಲ್ವಾ.

ಚರ್ಚಿನಲ್ಲಿ ನಗಬಾರದು ಅಂತ ನಮಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. ನಕ್ಕರೆ ನಮ್ಮ ಆಯಿ ತೊಡೆ ಚಿವುಟುತ್ತಿದ್ದಳು. ದೊಡ್ಡವಳಾಗಿ ಬೈಬಲ್ ಓದಿದಾಗ ಅನಿಸಿತು, ಅಬ್ರಹಾಮನ ಹೆಂಡತಿ ಸಾರಳನ್ನು ಆಯಿ ಎಷ್ಟು ಸಲ ಚಿವುಟುತ್ತಿದ್ದಳೋ! ನವೆಂಬರಿನಲ್ಲಿ ಧಾರೂರು ಜಾತ್ರೆಗೆ ಹೋಗುತ್ತೇವಲ್ಲ, ವಿಕಾರಾಬಾದ್ ಕಡೆಗೆ. ಅಲ್ಲಿ ಗಂಡಸರು ಡೇರೆಯ ಹೊರಗೆ ಕೂತು ಮಾತಾಡುತ್ತಾರೆ, ಒಳಗೆ ಒಲೆ ಮುಂದೆ ಕೂತ ನಮ್ಮ ಕಿವಿ ಹೊರಗೇ ಇರುತ್ತದೆ. ಸಾರಳೂ ಹಾಗೇ. ಡೇರೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಾಳೆ. 90 ವರ್ಷದವಳಿಗೆ ಮಗುವಾಗುತ್ತದೆ ಅಂತ ಹೊರಗಿನ ಅತಿಥಿ ಹೇಳಿದ. ಅವಳಿಗೆ ಒಳಗೊಳಗೇ ನಗು ಬಂತು. ಯಾಕೆ ನಕ್ಕೆ ಅಂದರೆ, ನಾನು ನಗಲೇ ಇಲ್ಲ ಅಂದಳು. ಇಲ್ಲ, ನೀನು ನಕ್ಕೆ ಅಂದ ದೇವರು. ಅಷ್ಟೇ. ಶಿಕ್ಷೆ ಇಲ್ಲ. ಮಗು ಹುಟ್ಟಿತು, ಇಸಾಕ ಅಂತ ಹೆಸರಿಟ್ಟರು. ಹಾಗಂದರೆ 'ನಗುತ್ತಾನೆ' ಅಂತ ಅರ್ಥ. ಅವಳ ಅಪನಂಬಿಕೆಯ ನಗುವೇ ಮಗನ ಹೆಸರಾಗಿ ಮನೆ ತುಂಬ ಓಡಾಡಿತು.

ಇನ್ನು ನನ್ನ ಮನೆಯ ಮಾತು. ಇದನ್ನು ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಮ್ಮ ಮನೆಯವರು ಭಜನೆ ತಂಡದಲ್ಲಿ ಢೋಲಕ ಬಾರಿಸುತ್ತಿದ್ದರು. ಬಿಪಿ ಇತ್ತು, ದಿನಾ ಒಂದು ಗುಳಿಗೆ. ಒಮ್ಮೆ ಎಲ್ಲಿಯೋ ಒಂದು ಸ್ವಸ್ಥತಾ ಕೂಟಕ್ಕೆ ಹೋಗಿಬಂದರು. ನಂಬಿಕೆ ಇದ್ದವನಿಗೆ ಗುಳಿಗೆ ಯಾಕೆ ಅಂತ ಅಲ್ಲಿ ಬೋಧಿಸಿದವರೊಬ್ಬರು ಕೇಳಿದ್ದರಂತೆ. ಇವರು ನನಗೇನೂ ಹೇಳಲಿಲ್ಲ. ನಾನು ಊರಿನವರಿಗೆಲ್ಲ ಬಿಪಿ ನೋಡುವವಳು, ಮನೆಯಲ್ಲಿ ನೋಡಲಿಲ್ಲ. ಒಂದು ಬೆಳಿಗ್ಗೆ ಎದ್ದಾಗಲೇ ಬಾಯಿ ಸೊಟ್ಟಗಾಗಿತ್ತು. ಚಹಾದ ಕಪ್ಪು ಬಲಗೈಯಿಂದ ಜಾರಿತು. ಏನಾಯ್ತು ಅಂದರೆ ಮಾತು ಕಲಸಿಕೊಂಡು ಬಂತು. ಲಕ್ವಾ.

ಮುಖ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು: ಈ ಮೂರರಲ್ಲಿ ಒಂದು ಕಂಡರೂ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇವರಿಗೆ ನಿದ್ದೆಯಲ್ಲೇ ಆಗಿತ್ತು. ಯಾವಾಗ ಅಂತ ಯಾರು ಹೇಳಬೇಕು? ಬೀದರದಲ್ಲಿ ತೋರಿಸಿ, ಅಲ್ಲಿಂದ ಹೈದರಾಬಾದಿಗೆ ಹೋದೆವು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋಯಿತು. ಮನೆಗೆ ಬಂದು ಅವರ ಬೈಬಲ್ ತೆಗೆದರೆ, ಚೈನ್ ಇರುವ ಕವರಿನೊಳಗೆ ಗುಳಿಗೆಯ ಶೀಟುಗಳು. ಒಂದನ್ನೂ ಒಡೆದಿರಲಿಲ್ಲ.

ನನಗೆ ಸಿಟ್ಟು ಬಂತು. ಅವರ ಮೇಲೆ, ಬೋಧಿಸಿದವರ ಮೇಲೆ, ನನ್ನ ಮೇಲೆ. ಮೆಥೋಡಿಸ್ಟ್ ಸಭೆಯಲ್ಲಿ ಹುಟ್ಟಿ ಬೆಳೆದವರು ನಾವು. ಆ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಪುಕ್ಕಟೆ ಔಷಧಿ ಹಂಚಿದವರು, ಮರುವರ್ಷ ಮನೆಮದ್ದಿನ ಪುಸ್ತಕವನ್ನೇ ಬರೆದವರು. ಬೈಬಲಿನಲ್ಲಿ ಪೌಲ ತನ್ನ ಶಿಷ್ಯ ತಿಮೊಥೆಗೆ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ, ನಿನ್ನ ನಂಬಿಕೆ ಸಾಲದು ಅನ್ನಲಿಲ್ಲ. ತನ್ನ ಮೈಯ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ಹೋಗಲಿ ಅಂತ ಅವನೇ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ಇಷ್ಟೆಲ್ಲ ಗೊತ್ತಿದ್ದ ಮನೆಯಲ್ಲೇ ಗುಳಿಗೆ ಬೈಬಲ್ಲಿನೊಳಗೆ ಬಚ್ಚಿಟ್ಟುಕೊಂಡಿತ್ತು.

ನೋಡಲು ಜನ ಬಂದರು. ಒಬ್ಬರು, ಏನಾದರೂ ಒಪ್ಪಿಕೊಳ್ಳದ ಪಾಪ ಇರಬೇಕು, ಕೇಳಿ ನೋಡಮ್ಮಾ ಅಂದರು. ಮಾತೇ ಬಾರದವರನ್ನು ಏನು ಕೇಳುವುದು? ಇನ್ನೊಬ್ಬರು ಹಾಸಿಗೆ ಪಕ್ಕವೇ ನಿಂತು, ಇವರಿಗೆ ಇನ್ನೇನು ಉಳಿದಿದೆ ಅಂದರು. ಇವರಿಗೆ ಮಾತು ಬರುತ್ತಿರಲಿಲ್ಲ, ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆಗ ನನಗೆ ಬೈಬಲಿನ ಯಾಯೀರನ ಮನೆ ನೆನಪಾಯಿತು. ಅವನ 12 ವರ್ಷದ ಮಗಳು ಸತ್ತಿದ್ದಾಳೆ ಅಂತ ಗೋಳಾಡುತ್ತಿದ್ದವರು, ನಿದ್ದೆ ಮಾಡುತ್ತಿದ್ದಾಳೆ ಅಂತ ಯೇಸು ಹೇಳಿದ ಕೂಡಲೇ ಗೇಲಿ ಮಾಡಿ ನಕ್ಕರು. ಅಳುತ್ತಿದ್ದವರೇ ನಕ್ಕಿದ್ದು, ಗಮನಿಸಿ. ಅಂಥ ಅಳುವೂ ಸುಳ್ಳು, ಅಂಥ ನಗುವೂ ಬೇಡದ್ದು. ಯೇಸು ಅವರನ್ನೆಲ್ಲ ಹೊರಗೆ ಕಳಿಸಿದ. ಅಪ್ಪ, ಅವ್ವ, ಮೂವರು ಶಿಷ್ಯರನ್ನು ಮಾತ್ರ ಇಟ್ಟುಕೊಂಡ. ಹುಡುಗಿ ಎದ್ದ ಮೇಲೆ, ಇದನ್ನು ಯಾರಿಗೂ ಹೇಳಬೇಡಿ ಅಂದ, ಜೊತೆಗೆ ಹೇಳಿದ: ಇವಳಿಗೆ ಊಟ ಕೊಡಿ. ನಾನು ನರ್ಸ್ ಆಗಿ ಈ ಭಾಗ ಎಷ್ಟು ಸಲ ಓದಿದರೂ ಸಾಕಾಗುವುದಿಲ್ಲ. ಸಂದರ್ಶಕರ ಗದ್ದಲ ಕಡಿಮೆ ಮಾಡುವುದು, ಬೇಕಾದವರನ್ನು ಹತ್ತಿರ ಇಡುವುದು, ಊಟ ಕೊಡುವುದು. ವಾರ್ಡಿನಲ್ಲಿ ನಾವು ದಿನಾ ಮಾಡುವ ಕೆಲಸ ಇದೇ ಅಲ್ವಾ?

ನಾನೂ ಬಾಗಿಲಿಗೆ ನಿಂತೆ. ಕೆಲವರನ್ನು ಚಹಾ ಕುಡಿಸಿ ಹೊರಗಿಂದಲೇ ಕಳಿಸಿದೆ. ಒಳಗೆ ಬಿಟ್ಟಿದ್ದು ಇಬ್ಬರು ಮೂವರನ್ನು. ಒಬ್ಬಳು ನಮ್ಮ ಓಣಿಯ ಅಕ್ಕ. ವಾರಕ್ಕೆರಡು ಸಲ ಜೋಳದ ರೊಟ್ಟಿ, ಪುಂಡಿಪಲ್ಯ ತರುತ್ತಿದ್ದಳು. ಕಾಲಿಟ್ಟರೆ ಸಾಕು, ಸೊಸೆಯ ಮೇಲೆ ದೂರು. ಅವಳು ಸೊಸೆಯ ಹಾಗೆ ನಡೆದು ತೋರಿಸಿದರೆ ಸತ್ತವರೂ ಏಳಬೇಕು.

ವ್ಯಾಯಾಮ ಮಾಡಿಸುವಾಗ ನಾನು "ನಗ್ರೀ, ಹಲ್ಲು ತೋರಿಸ್ರೀ" ಅಂದರೆ ಇವರ ಬಾಯಿ ಎಡಕ್ಕಷ್ಟೇ ಎಳೆಯುತ್ತಿತ್ತು, ಬಲಗಡೆ ಸತ್ತ ಹಾಗೆ. ಒಂದು ದಿನ ಆ ಅಕ್ಕ ಸೊಸೆ ಮೊಬೈಲಿನಲ್ಲಿ ಮಾತಾಡುತ್ತಾ ಹಾಲು ಉಕ್ಕಿಸಿದ್ದನ್ನು ಮಾಡಿ ತೋರಿಸಿದಳು. ಇವರು ನಕ್ಕರು. ಎರಡೂ ಕಡೆ! ಬಲಗೆನ್ನೆ ಎದ್ದುನಿಂತಿತು. ನಾನು ಕೈಯಲ್ಲಿದ್ದ ಟವೆಲ್ ಹಾಗೇ ಹಿಡಿದು ನಿಂತೆ.

ಇದು ಪವಾಡ ಅಲ್ಲ. ಲಕ್ವಾ ಹೊಡೆದ ಕೆಲವರಲ್ಲಿ ಹೀಗಾಗುತ್ತದೆ. ಬೇಕೆಂದು ನಗುವುದಕ್ಕೆ ಮಿದುಳಿನಲ್ಲಿ ಒಂದು ದಾರಿ, ತಾನಾಗಿ ನಗು ಬರುವುದಕ್ಕೆ ಇನ್ನೊಂದು ದಾರಿ. ಮೊದಲನೆಯದು ಕೆಟ್ಟರೂ ಎರಡನೆಯದು ಉಳಿದಿರಬಹುದು. ಹಾಡೂ ಹಾಗೇ. ಮಾತು ಹೋದ ಎಷ್ಟೋ ಜನರಿಗೆ ಗೊತ್ತಿದ್ದ ಹಾಡು ಉಳಿದಿರುತ್ತದೆ. ನನ್ನ ಹೆಸರು ಹೇಳಲಾಗದ ಮನುಷ್ಯ ಭಜನೆಯ ಎರಡು ಸಾಲು ಪೂರ್ತಿ ಹಾಡಿದರು, ಎಡಗೈಯಲ್ಲಿ ಮಂಚದ ಪಟ್ಟಿಗೆ ತಾಳ ಹಾಕುತ್ತಾ. ಯಾಕೆ ಅಂತ ನರ್ಸ್ ಆಗಿ ನನಗೆ ಗೊತ್ತು. ಗೊತ್ತಿದ್ದೂ ಅಡುಗೆಮನೆಗೆ ಹೋಗಿ ಅತ್ತೆ, ಸ್ತೋತ್ರವನ್ನೂ ಹೇಳಿದೆ. ಎರಡಕ್ಕೂ ಜಗಳ ಆಗಲಿಲ್ಲ.

ಅವರಿಗೆ ಮರಳಿ ಬಂದ ಮಾತು ಎರಡೇ. "ಹೌದು", "ಇಲ್ಲ". ಒಮ್ಮೆ ಪಾಸ್ಟರ್ ಬಂದು, ಊಟ ಆಯ್ತಾ ಅಂದರೆ ಹೌದು, ನಿದ್ದೆ ಬರುತ್ತದಾ ಅಂದರೆ ಹೌದು. ಅಮ್ಮ ಚೆನ್ನಾಗಿ ನೋಡಿಕೊಳ್ಳುತ್ತಾರಾ ಅಂದರು. ಇವರು ನನ್ನನ್ನೇ ನೋಡುತ್ತಾ, ಬಿಡಿಸಿ, "ಇಲ್ಲ" ಅಂದರು. ಕೋಣೆ ತಣ್ಣಗಾಯಿತು. ಪಾಸ್ಟರ್ ಮುಖ ನೆಲಕ್ಕೆ. ಅಷ್ಟರಲ್ಲಿ ಇವರ ಬಲಗೆನ್ನೆ ಎದ್ದಿತು. ಅವತ್ತು ನಾನು ನಕ್ಕಷ್ಟು ಮದುವೆಯಾದಾಗಿನಿಂದ ನಕ್ಕಿರಲಿಲ್ಲ. ಬಿಪಿ ಗುಳಿಗೆ ಮಾತ್ರ ಅವತ್ತಿನಿಂದಲ್ಲ, ಆಸ್ಪತ್ರೆಯಿಂದ ಬಂದ ದಿನದಿಂದಲೇ ನಾನೇ ಬಾಯಿಗೆ ಹಾಕಿ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ.

ಅವರು ಇನ್ನೂ ನಾಲ್ಕು ವರ್ಷ ಇದ್ದರು. ಬಲಗೈ ಬರಲಿಲ್ಲ. ಸಾಕ್ಷಿ, ಅಂದರೆ ದೇವರು ಮಾಡಿದ ಉಪಕಾರ, ಹೇಳುವುದಕ್ಕೆ ನನ್ನ ಹತ್ತಿರ ಇಷ್ಟೇ ಇರುವುದು. ಒಂದು ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಬಂದಿದ್ದೆ. ವರ್ಷದ ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಅಂತ ಪಾಸ್ಟರ್ ಕೇಳಿದರು. ಇವರು ಎಡಗೈ ಎತ್ತಿದರು. ನಾನು ಕೆಳಗಿಳಿಸಿದೆ. ಮತ್ತೆ ಎತ್ತಿದರು. ಇಬ್ಬರು ಹುಡುಗರು ಹಿಡಿದು ನಿಲ್ಲಿಸಿದರು, ಮೈಕ್ ಕೊಟ್ಟರು. ಇಡೀ ಸಭೆ ಉಸಿರು ಹಿಡಿದು ಕೂತಿತ್ತು. ಇವರು ಒಮ್ಮೆ ಎಲ್ಲರನ್ನೂ ನೋಡಿ "ಹೌದು" ಅಂದರು. ಕೂತುಬಿಟ್ಟರು.

ಹಿಂದಿನ ಸಾಲಿನಿಂದ ಆ ಓಣಿಯ ಅಕ್ಕ "ಆಮೆನ್" ಅಂದಳು. ಆಮೇಲೆ ಯಾರು ಮೊದಲು ನಕ್ಕರೋ ನನಗೆ ಗೊತ್ತಿಲ್ಲ. ಅವತ್ತು ಪಾಸ್ಟರ್ ಪ್ರಸಂಗ ಐದೇ ನಿಮಿಷಕ್ಕೆ ಮುಗಿಸಿದರು.

ನಾನೂ ಮುಗಿಸುತ್ತೇನೆ. ಬಗಾರಾ ಅನ್ನ ಆರಿಹೋಗುತ್ತದೆ, ಏಳಿ.