ಕುರ್ಚಿ ಮೊದಲು, ಧೈರ್ಯ ಆಮೇಲೆ
(ಗ್ರಾಮ ಪಂಚಾಯಿತಿ ಮಹಿಳಾ ಸದಸ್ಯರ ತರಬೇತಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿರುವ ಯಜಮಾನರಿಗೂ ನಮಸ್ಕಾರ. ತರಬೇತಿ ನಿಮಗಲ್ಲ, ಆದರೂ ಬಂದಿದ್ದೀರಿ. ಇರಲಿ, ಊಟ ಮಾಡಿಕೊಂಡು ಹೋಗಿ.

ಮೊದಲು ಹೆಂಗಸರಿಗೆ ಧೈರ್ಯ ಬರಲಿ, ಅಧಿಕಾರ ಆಮೇಲೆ ಎಂದು ಈಗ ತಾನೇ ಒಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ನಮ್ಮ ಕರ್ನಾಟಕದ 1983ರ ಪಂಚಾಯಿತಿ ಕಾಯ್ದೆಯೇ ಹೆಂಗಸರಿಗೆ ಶೇ. 25 ಸ್ಥಾನ ಇಟ್ಟಿತ್ತು. 1987ರಲ್ಲಿ ಚುನಾವಣೆ ಆಯಿತು. ದೇಶದ ಎಲ್ಲ ಪಂಚಾಯಿತಿಗಳಲ್ಲೂ ಹೆಂಗಸರಿಗೆ ಮೀಸಲು ತಂದ ದೆಹಲಿಯ 73ನೇ ಸಂವಿಧಾನ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಹೊತ್ತಿಗೆ ನಮ್ಮವರು ಮಂಡಲ ಪಂಚಾಯಿತಿಯಲ್ಲಿ ಕೂತು ನೋಡಿಯಾಗಿತ್ತು. 2010ರಲ್ಲಿ ನಮ್ಮ ರಾಜ್ಯದಲ್ಲಿ ಹೆಂಗಸರ ಮೀಸಲು ಅರ್ಧಕ್ಕರ್ಧ ಆಯಿತು. ಧೈರ್ಯ ಇದೆಯಾ ಎಂದು ಯಾರಾದರೂ ಪರೀಕ್ಷೆ ಮಾಡಿ ನಾಮಪತ್ರ ತೆಗೆದುಕೊಂಡರಾ? ಗಂಡಸರಿಗಂತೂ ಆ ಪರೀಕ್ಷೆ ಯಾವತ್ತೂ ಇರಲಿಲ್ಲ.

ನಮ್ಮ ಕಡೆ ಒಂದು ಪಂಚಾಯಿತಿ. ಹೆಸರು ಬೇಡ. ಅಧ್ಯಕ್ಷೆಯ ನಂಬರಿಗೆ ಫೋನ್ ಮಾಡಿದರೆ ಗಂಡ ಎತ್ತುತ್ತಿದ್ದರು. "ಅಧ್ಯಕ್ಷರೇ ಮಾತಾಡ್ತಿರೋದು, ಹೇಳಿ." ಬಿಲ್ ಪಾಸು ಮಾಡಲು ಅಧ್ಯಕ್ಷೆಯ ಡಿಜಿಟಲ್ ಸಹಿ ಇರುವ ಡೋಂಗಲ್ ಗಂಡನ ಜೇಬಿನಲ್ಲಿ. ಸಭೆಯಲ್ಲಿ ಕುರ್ಚಿ ಅವರಿಗೆ, ಪಕ್ಕದ ಸ್ಟೂಲ್ ಆಯಮ್ಮನಿಗೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಓ, ಸುಮ್ನೆ ನೋಡುತ್ತಿದ್ದರು.

ಒಂದು ಬೇಸಿಗೆ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ಯಜಮಾನರು ದೂರದ ಮದುವೆಗೆ ಹೋಗಿದ್ದರು. ಖಾಲಿ ಕೊಡ ಹಿಡಿದು ಹೆಂಗಸರು ಬಂದರು. ಬೈದದ್ದು ಯಾರಿಗೆ? ಆಯಮ್ಮನಿಗೆ! ಕುರ್ಚಿ ಗಂಡನಿಗೆ, ಬೈಗುಳ ಹೆಂಡತಿಗೆ. ಅವತ್ತು ಆಯಮ್ಮ ತಾನೇ ಫೋನ್ ಹಿಡಿದು ಟ್ಯಾಂಕರ್ ಕರೆಸಿದಳು. ಮೋಟಾರ್ ರಿಪೇರಿಗೆ ಕಳಿಸಿದಳು. ಯಾವ ಓಣಿಗೆ ಮೊದಲು ನೀರು ಬಿಡಬೇಕೆಂದು ಯಾರನ್ನೂ ಕೇಳಲಿಲ್ಲ. ಇಷ್ಟು ವರ್ಷ ಕೊಡ ಹೊತ್ತವಳು ಅವಳೇ ಅಲ್ವಾ? ಮುಂದಿನ ಸಭೆಗೆ ಗಂಡ ಬಂದಾಗ ಇಷ್ಟೇ ಹೇಳಿದಳು: "ಡೋಂಗಲ್ ಇಲ್ಲಿಡಿ. ಹೊರಗೆ ಬೆಂಚಿದೆ, ಟೀ ಕಳಿಸ್ತೀನಿ."

ನೋಡಿ, ಕುರ್ಚಿ ಮೊದಲು. ಸಂಸಾರ ಒಡೆಯಿತಾ? ಇಲ್ಲ. ಈಗಲೂ ಬೈಕಿನಲ್ಲಿ ತಂದು ಬಿಡುವವರು ಅವರೇ. ಶರಣ ಆಯ್ದಕ್ಕಿ ಮಾರಯ್ಯ ಜಾಸ್ತಿ ಅಕ್ಕಿ ತಂದಾಗ, ವಾಪಸ್ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸಿದ್ದು ನಿಮಗೆ ಗೊತ್ತು. ಮಾರಯ್ಯ ಏನು ಸಣ್ಣವನಾಗಿಬಿಟ್ಟನಾ?

ಎಲ್ಲ ಮನೆಯೂ ಹೀಗಲ್ಲ, ಅದೂ ಗೊತ್ತು. ಕೈ ಎತ್ತುವ ಗಂಡನಿಗೆ ಟೀ, ಬೆಂಚು ಸಾಲುವುದಿಲ್ಲ. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಓ) ಕಚೇರಿಗೆ ಹೋಗಿ ಹೇಳಿ. ಒಬ್ಬರೇ ಹೋಗಬೇಡಿ, ಇಲ್ಲಿರುವವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ.

ಚೀಟಿ ಬಂತು, ಸಮಯ ಆಯಿತಂತೆ. ಆಸ್ತಿ ಬಗ್ಗೆ ಒಂದೇ ಮಾತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಕೇಂದ್ರ ತಂದದ್ದು 2005ರಲ್ಲಿ. ಅಣ್ಣ ಸೀರೆ ಕೊಡಿಸಿದ ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ಸಹಿ ಹಾಕಬೇಡಿ. ಸಂಘದ ಸಾಲದ ವಿಷಯ ಮಧ್ಯಾಹ್ನ ಹೇಳುತ್ತಾರೆ.

ಬಾಗಿಲ ಹತ್ತಿರ ಹಾಜರಾತಿ ಪುಸ್ತಕ ಇದೆ. ಮೊಬೈಲ್ ಕಾಲಂನಲ್ಲಿ ನಿಮ್ಮ ಸ್ವಂತ ನಂಬರ್ ಬರೆಯಿರಿ. ಸಂಜೆ ನಾನೇ ಫೋನ್ ಮಾಡುತ್ತೇನೆ, ನೀವೇ ಎತ್ತಿ.