ತೋಟದ ಮನೆಗೆ ಎಂಥ ಕೋವಿ?

ಕೇಳುಗರಿಗೆ ನಮಸ್ಕಾರ.

ಅಡಿಕೆ ಕೊಯ್ಲು ಶುರುವಾಯಿತೆಂದರೆ ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆಯ ತೋಟದ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ನಾವೂ ಒಂದು ಕೋವಿ ಇಟ್ಟುಕೊಳ್ಳೋಣವೇ? ಕಣದಲ್ಲಿ ರಾಶಿ ಬಿದ್ದಿದೆ, ಮನೆ ಊರಿಗೆ ದೂರ, ರಾತ್ರಿ ಕರೆಂಟಿಗೆ ಭರವಸೆ ಇಲ್ಲ. ಮಾತು ಬೆಳೆದರೆ ಯಾವ ಕಂಪನಿ, ಎಷ್ಟು ದೂರ ಹೊಡೆಯುತ್ತದೆ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಆದರೆ ಮನೆ ಕಾಯುವ ಕೋವಿಗೆ ದೂರದ ಲೆಕ್ಕವೇ ಬೇಡ. ನಡುಮನೆಯಿಂದ ತಲೆಬಾಗಿಲಿಗೆ 15 ಅಡಿ ಇದ್ದರೆ ಹೆಚ್ಚು. ನೋಡಬೇಕಾದ್ದು ಮೂರು. ಹಿಡಿಯುವವರ ಭುಜಕ್ಕೆ ಅದು ಕೂರುತ್ತದೆಯೇ, ಆ ಮನೆಯ ಗೋಡೆ ಬಾಗಿಲಿಗೆ ಒಗ್ಗುತ್ತದೆಯೇ, ಹಗಲು ಹೊತ್ತು ಅದನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಲು ಆಗುತ್ತದೆಯೇ.

ಅಂಗಡಿಗೆ ಹೋಗುವ ಮೊದಲು ಕಾನೂನು. ಕೊಡಗಿನವರಿಗಿರುವ ವಿನಾಯಿತಿ ನಮಗಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿಂದ ಲೈಸೆನ್ಸ್ ಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ತರಬೇತಿಯ ಪ್ರಮಾಣಪತ್ರ ಬೇಕು. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ಆಗಾಗ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ. ಕೋವಿ ಕೊಳ್ಳುವ ಆಲೋಚನೆ ಗಟ್ಟಿಯಾಗುವ ಮೊದಲೇ ಅಲ್ಲಿಗೆ ಹೋಗಿ ಬನ್ನಿ. ಅಲ್ಲಿಂದ ಬಂದ ಮೇಲೆ ಬೇಡ ಅನ್ನಿಸಿದರೆ ಅದೂ ಒಳ್ಳೆಯ ತೀರ್ಮಾನವೇ. 2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿನ ಅವಧಿ 5 ವರ್ಷ, ಒಬ್ಬರ ಬಳಿ ಇರಬಹುದಾದ ಕೋವಿಗಳು ಎರಡೇ. ಜಗಳೂರಿನ ರಂಗಯ್ಯನದುರ್ಗ, ಚಿತ್ರದುರ್ಗದ ಜೋಗಿಮಟ್ಟಿ ಇವೆಲ್ಲ ವನ್ಯಧಾಮಗಳು. ಅಂಥ ವನ್ಯಧಾಮದ ಗಡಿಯಿಂದ 10 ಕಿಲೋಮೀಟರ್ ಒಳಗೆ ಮನೆಯಿದ್ದರೆ 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮು ಅಡ್ಡ ಬರುತ್ತದೆ, ಹೊಸ ಲೈಸೆನ್ಸಿಗೆ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕಾಗುತ್ತದೆ. ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ವರ್ಷಗಟ್ಟಲೆ ತಲೆ ಕೆರೆದುಕೊಳ್ಳುವ ಬದಲು ಈ ದೂರವನ್ನು ಮೊದಲೇ ಅಳೆದುಕೊಳ್ಳಿ.

ಇನ್ನೊಂದು ಮಾತು ಜನ ಮರೆಯುತ್ತಾರೆ. ಲೈಸೆನ್ಸ್ ಕೊಡುವುದು ಮನೆಗಲ್ಲ, ಮನುಷ್ಯರಿಗೆ. ಯಜಮಾನರ ಹೆಸರಲ್ಲಿ ಕೋವಿ, ಯಜಮಾನರು ದಾವಣಗೆರೆ ಮಂಡಿಯಲ್ಲಿ, ಮನೆಯಲ್ಲಿ ಹೆಂಡತಿ ಒಬ್ಬರೇ ಅಂದರೆ ಆ ಕೋವಿ ಇದ್ದೂ ಇಲ್ಲದ ಹಾಗೆ. ರಾತ್ರಿ ಮನೆಯಲ್ಲಿ ನಿಜವಾಗಿ ಯಾರು ಇರುತ್ತಾರೋ ಅವರೇ ಅರ್ಜಿ ಹಾಕಬೇಕು, ಅವರೇ ತರಬೇತಿ ಪಡೆಯಬೇಕು, ಅವರ ಅಳತೆಗೇ ಕೋವಿ ಆರಿಸಬೇಕು. ಹಾಗೆಯೇ ಅಜ್ಜ ತೀರಿಕೊಂಡ ಮೇಲೆ ಅವರ ಕೋವಿ ಅಟ್ಟದ ಮೇಲೆ ಸುಮ್ಮನೆ ಕೂರುವಂತಿಲ್ಲ. ಅದನ್ನು ಠಾಣೆಯಲ್ಲೋ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲೋ ಒಪ್ಪಿಸಿ ರಸೀದಿ ಪಡೆದು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು.

ಈಗ ಕೋವಿಯ ಜಾತಿಗೆ ಬರೋಣ. ಒಂದು ಗುಂಡು ಹಾರಿ ಮುಂದಿನದನ್ನು ತಾನೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ಕೋವಿಯನ್ನೂ, 20 ಇಂಚಿಗಿಂತ ಗಿಡ್ಡ ನಳಿಗೆಯದನ್ನೂ 2016ರ ಆಯುಧ ನಿಯಮಗಳು ನಿರ್ಬಂಧಿತ ವರ್ಗಕ್ಕೆ ಸೇರಿಸಿವೆ. ಅವೆರಡನ್ನೂ ಮರೆತುಬಿಡಿ. ಉದ್ದ ನಳಿಗೆಯನ್ನು ಗರಗಸದಲ್ಲಿ ಕುಯ್ಯಿಸುವ ಯೋಚನೆಯಂತೂ ಬೇಡವೇ ಬೇಡ, ಕಾಯ್ದೆಯ 6ನೇ ಕಲಮಿನಲ್ಲಿ ಅದೇ ಒಂದು ಅಪರಾಧ. ಉಳಿಯುವುದು ಒಂಟಿ ನಳಿಗೆ, ಜೋಡು ನಳಿಗೆ ಮತ್ತು ಪಂಪ್ ಆ್ಯಕ್ಷನ್.

ಪಂಪ್ ಕೋವಿಯ ಮೇಲೆ ಹುಡುಗರಿಗೆ ಕಣ್ಣು. ಗಿಡ್ಡ, ನಾಲ್ಕೈದು ತೋಟಾ, ಅಂದರೆ ಕಾಡತೂಸು, ಹಿಡಿಯುತ್ತದೆ ಎನ್ನುವುದು ನಿಜ. ಆದರೆ ಅದರ ಮುಂದಿನ ಹಿಡಿಯನ್ನು ಪ್ರತಿ ಸಲವೂ ಪೂರ್ತಿ ಹಿಂದಕ್ಕೆಳೆದು ಪೂರ್ತಿ ಮುಂದಕ್ಕೆ ತಳ್ಳಬೇಕು. ಗಾಬರಿಯಲ್ಲಿ ಕೈ ಅರ್ಧಕ್ಕೇ ನಿಲ್ಲುತ್ತದೆ. ಖಾಲಿ ತೋಟಾ ಹೊರಗೆ ಬೀಳದೆ ಹೊಸದರ ಜೊತೆ ಸಿಕ್ಕಿಕೊಂಡು ಕೋವಿ ಕಚ್ಚಿಬಿಡುತ್ತದೆ. ವರ್ಷಕ್ಕೆ ನೂರಾರು ತೋಟಾ ಹಾರಿಸಿ ಅಭ್ಯಾಸ ಮಾಡುವವರಿಗೆ ಇದು ಸಮಸ್ಯೆಯೇ ಅಲ್ಲ, ನಮ್ಮಲ್ಲಿ ಅಷ್ಟು ಅಭ್ಯಾಸ ಮಾಡುವವರು ಎಷ್ಟು ಜನ? ಇನ್ನೊಂದು ತೊಡಕು, ಒಳಗೆ ತೋಟಾ ಉಳಿದಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣದು. ಜೋಡು ನಳಿಗೆಯಲ್ಲಿ ಈ ಅನುಮಾನಕ್ಕೆ ಜಾಗವಿಲ್ಲ. ಮಡಿಸಿದರೆ ತೋಟಾ ಕೂರುವ ಎರಡೂ ಗೂಡು ಕಣ್ಣಿಗೆ ಬೀಳುತ್ತವೆ. ಒಂದು ಕಡೆಯ ತೋಟಾ ಟುಸ್ ಎಂದರೆ ಎರಡನೇ ಟ್ರಿಗರ್ ಇದ್ದೇ ಇದೆ. ಜೊತೆಗೆ ಅದು ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ನಳಿಗೆಯ ಕೆಳಗಿನ ಮುಂಗೈ ಮರ, ಟ್ರಿಗರಿನ ಸಮೇತ ಹಿಂಬದಿಯ ಹಿಡಿ. ಮಕ್ಕಳಿರುವ ಮನೆಗೆ ಈ ಒಂದು ಗುಣಕ್ಕಾಗಿಯೇ ಸಾದಾ ಜೋಡು ನಳಿಗೆಯನ್ನು ಆರಿಸಬಹುದು. ಹೊರಗೆ ಕುದುರೆ, ಅಂದರೆ ಗುಂಡು ಹಾರಿಸಲು ಬಡಿಯುವ ಪುಟ್ಟ ಸುತ್ತಿಗೆ, ಇರುವ ಹಳೆಯ ಮಾದರಿ ಬೇಡ. ಎಳೆದ ಕುದುರೆಯನ್ನು ಹಾರಿಸದೆ ನಿಧಾನಕ್ಕೆ ಕೆಳಗಿಳಿಸುವಾಗ ಹೆಬ್ಬೆರಳು ಜಾರಿದರೆ ಗುಂಡು ಹಾರಿದಂತೆಯೇ ಲೆಕ್ಕ.

ಬೋರ್ ಯಾವುದು? 12 ಬೋರ್. ನಳಿಗೆಯ ಒಳಗಾತ್ರಕ್ಕೆ ಸರಿಯಾಗಿ ಸೀಸದ ಗುಂಡು ಮಾಡಿದರೆ ಹನ್ನೆರಡಕ್ಕೆ ಒಂದು ಪೌಂಡ್ ತೂಗುತ್ತದೆ ಎಂಬ ಹಳೆಯ ಲೆಕ್ಕದಿಂದ ಬಂದ ಹೆಸರು ಅದು. ಅಳತೆ ಸುಮಾರು 18.5 ಮಿಲಿಮೀಟರ್. 20 ಬೋರ್ ಹಗುರ, ಭುಜಕ್ಕೆ ಮೆತ್ತಗೆ, ಅದರ ಪರವಾಗಿ ಹೇಳುವುದು ಬೇಕಾದಷ್ಟಿದೆ. ಆದರೆ ತೋಟಾ ಸುಲಭವಾಗಿ ಸಿಗುವುದು 12ಕ್ಕೇ. ತೋಟಾ ಸಿಗದ ಕೋವಿ ಬರೀ ಒನಕೆ ಎನ್ನಬಹುದಿತ್ತು, ಆದರೆ ಚಿತ್ರದುರ್ಗದಲ್ಲಿ ಕೂತು ಒನಕೆಯನ್ನು ಅಷ್ಟು ಹಗುರವಾಗಿ ಮಾತಾಡುವಂತಿಲ್ಲ.

ಅಳತೆ ನೋಡುವುದು ಹೀಗೆ. ಮೊದಲು ಕೋವಿ ಮಡಿಸಿ ಎರಡೂ ಗೂಡು ಖಾಲಿ ಇದೆ ಎಂದು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಮೂತಿಯನ್ನು ಯಾರೂ ಇಲ್ಲದ ದಿಕ್ಕಿಗೆ ಇಟ್ಟುಕೊಂಡು, ಮೊಣಕೈಯನ್ನು ಮೂಲೆಮಟ್ಟದ ಹಾಗೆ ಬಗ್ಗಿಸಿ, ಕೋವಿಯ ಹಿಂತುದಿಯನ್ನು ಮೊಣಕೈ ಮಡಿಕೆಗೆ ಇಡಿ. ತೋರುಬೆರಳಿನ ಮೊದಲ ಗೆಣ್ಣು ಆರಾಮವಾಗಿ ಟ್ರಿಗರಿಗೆ ಬರಬೇಕು. ಟ್ರಿಗರಿನಿಂದ ಹಿಂತುದಿಗೆ 14ರಿಂದ 14½ ಇಂಚು ಇರುವುದು ಸಾಮಾನ್ಯ. ಐದಡಿ ಎರಡಂಗುಲದವರಿಗೆ 13 ಇಂಚು ಸಾಕಾಗುತ್ತದೆ. ಹಿಡಿ ಉದ್ದವಾದರೆ ಎತ್ತುವಾಗ ಕಂಕುಳಲ್ಲಿ, ಸೆರಗಿನಲ್ಲಿ, ಚಳಿಗೆ ಹೊದ್ದ ಕಂಬಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಭುಜದ ಗುಂಡಿಯಲ್ಲಿ ಕೂರದೆ ತೋಳಿನ ಮೇಲೆ ಕೂತರೆ ಒದೆತಕ್ಕೆ ವಾರಗಟ್ಟಲೆ ಕಪ್ಪು ಕಟ್ಟುತ್ತದೆ. ಮರ ಕಡಿಮೆ ಮಾಡಿಸುವುದಾದರೆ ಕೋವಿ ರಿಪೇರಿಯ ಲೈಸೆನ್ಸ್ ಇರುವವರಲ್ಲೇ ಮಾಡಿಸಿ. ಹಿಂತುದಿಯ ಓರೆ ತಪ್ಪಿದರೆ ಅದರ ಕೆಳಮೂಲೆ ಎದೆಗೆ ಚುಚ್ಚುತ್ತದೆ. ತೂಕ 3 ಕಿಲೋ ಆಸುಪಾಸು ಇರಲಿ. ತೀರಾ ಹಗುರವಾದದ್ದು ಎತ್ತಲು ಸುಖ, ಹಾರಿಸಲು ಶಿಕ್ಷೆ. 30 ಇಂಚಿನ ನಳಿಗೆಯಿದ್ದರೆ ಕೋವಿಯ ಒಟ್ಟು ಉದ್ದ ನಾಲ್ಕಡಿಯ ಹತ್ತಿರ ಬರುತ್ತದೆ, ಹಳೆಯ ಮನೆಯ ಗಿಡ್ಡ ಬಾಗಿಲಲ್ಲಿ ಅದನ್ನು ತಿರುಗಿಸುವುದು ಕಷ್ಟ. 28 ಇಂಚಿನದೋ ಇನ್ನೂ ಕಡಿಮೆಯದೋ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ನಮ್ಮ ಸೀಮೆಯಲ್ಲಿ ಕೈ ಬದಲಾಗುವುದು ಹೆಚ್ಚಾಗಿ ಹಳೆಯ ಕೋವಿಗಳೇ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವವರು ಕೋವಿಯ ಬರೀ ಮರದ ಪಾಲಿಶ್ ನೋಡಿ ಮಾರುಹೋಗುತ್ತಾರೆ. ಮುಂಗೈ ಮರ ತೆಗೆದು, ಕೋವಿ ಮುಚ್ಚಿ, ನಳಿಗೆ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಬಾಯಿ ಸಡಿಲ. ಮುಚ್ಚಿದ ಬಾಯಿಯ ಸಂದನ್ನು ಬೆಳಕಿಗೆ ಹಿಡಿದರೆ ಬೆಳಕು ತೂರಬಾರದು. ನಳಿಗೆಯೊಳಗೆ ಕಿಟಕಿಯ ಬೆಳಕು ನೋಡುತ್ತ ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಕಪ್ಪು ಬಳೆ ಕಂಡರೆ ಅಲ್ಲಿ ಯಾವತ್ತೋ ಏನೋ ಅಡ್ಡ ಸಿಕ್ಕಿ ನಳಿಗೆ ಉಬ್ಬಿದೆ ಎಂದು ಅರ್ಥ. ಹೊರಗೆ ಬೆರಳು ಸವರಿದರೆ ಉಬ್ಬು ಕೈಗೇ ಸಿಗುತ್ತದೆ. ನಳಿಗೆಯನ್ನು ಕೊಕ್ಕೆಯಿಂದ ತೂಗುಹಾಕಿ ಮರದ ತುಂಡಲ್ಲಿ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಬರಬೇಕು. ಒಡೆದ ಮಡಕೆಯ ಸದ್ದು ಬಂದರೆ ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ಟ್ರಿಗರಿನ ಬಿಗುವನ್ನು ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡಿ. ಒಂದೂವರೆಯಿಂದ ಎರಡು ಕಿಲೋ ಬರಬೇಕು, ಅದಕ್ಕಿಂತ ಬಹಳ ಕಡಿಮೆಯಾದರೆ ಕೋವಿ ಎಡವಿ ಬಿದ್ದರೂ ಹಾರುತ್ತದೆ. ಸೇಫ್ಟಿ ಗುಂಡಿಯ ಬಗ್ಗೆ ಇಷ್ಟು ತಿಳಿದಿರಲಿ: ಬಹುಪಾಲು ಜೋಡು ನಳಿಗೆಗಳಲ್ಲಿ ಅದು ಟ್ರಿಗರನ್ನು ಮಾತ್ರ ಹಿಡಿಯುತ್ತದೆ, ಒಳಗಿನ ಕುದುರೆಯನ್ನಲ್ಲ. ಅದನ್ನು ನಂಬಿ ತುಂಬಿದ ಕೋವಿಯನ್ನು ಗೋಡೆಗೆ ಒರಗಿಸುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಬಲೆ ಗೂಡಿನ ಉದ್ದದ್ದು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಇಂಚಿನ, ಅಂದರೆ 65 ಮಿಲಿಮೀಟರಿನ ಗೂಡಿನವು. ಈಗ ಅಂಗಡಿಯಲ್ಲಿ ಕೊಡುವ ತೋಟಾ 70 ಮಿಲಿಮೀಟರಿನದು. ಉದ್ದದ ತೋಟಾ ಗಿಡ್ಡ ಗೂಡಿಗೆ ಹೋಗುವುದೇ ಇಲ್ಲ ಎಂದುಕೊಂಡರೆ ತಪ್ಪಾಯಿತು, ಸಲೀಸಾಗಿ ಹೋಗುತ್ತದೆ. ಏಕೆಂದರೆ 70 ಅನ್ನುವುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹಾರುವ ಮೊದಲು ಬಾಯಿ ಮಡಿಸಿಕೊಂಡಿರುವುದರಿಂದ ಅದು 60ರ ಹತ್ತಿರ ಇರುತ್ತದೆ. ಹಾರಿದಾಗ ಆ ಬಾಯಿ ಗೂಡು ದಾಟಿ ನಳಿಗೆಯ ಕಿರಿದಾದ ಜಾಗದಲ್ಲಿ ಬಿಚ್ಚಿಕೊಂಡು ಚರೆಗಳ, ಅಂದರೆ ತೋಟಾದೊಳಗಿನ ಸೀಸದ ಕಾಳುಗಳ, ದಾರಿಯನ್ನು ಬಿಗಿ ಮಾಡುತ್ತದೆ, ಒಳಗಿನ ಒತ್ತಡ ಏರುತ್ತದೆ. ನಳಿಗೆಯ ಕೆಳಭಾಗದಲ್ಲಿ ಹೊಡೆದ ಮುದ್ರೆ ಓದಿ, ಮುದ್ರೆ ಅಳಿಸಿಹೋಗಿದ್ದರೆ ಗೇಜ್ ಹಾಕಿಸಿ ಅಳೆಸಿ. ನಳಿಗೆಯ ಮೈಮೇಲೆ ಮರದ ಗೆರೆಯಂಥ ಸುರುಳಿ ವಿನ್ಯಾಸ ಕಂಡರೆ ಅದು ಡಮಾಸ್ಕಸ್. ನೋಡಲು ಚಂದ, ಕಪ್ಪು ಮದ್ದಿನ ಕಾಲದ್ದು. ಇವತ್ತಿನ ತೋಟಾ ಅದಕ್ಕೆ ಹಾಕಬಾರದು.

ತೋಟಾದ ಮಾತು ಬಂದಾಗ ಗೋಡೆಯ ಮಾತೂ ಬರಬೇಕು. ಚರೆಗೆ ಗಾತ್ರದ ಮೇಲೆ ಹೆಸರು. ದಪ್ಪದವುಗಳಲ್ಲಿ ಎಲ್‌ಜಿ ಸುಮಾರು 9 ಮಿಲಿಮೀಟರ್, ಎಸ್‌ಜಿ ಸುಮಾರು 8.4. ಇವು ಹಲಗೆ ಬಾಗಿಲು, ಜಿಂಕ್ ಶೀಟು, ತಟ್ಟಿಗೋಡೆಗೆಲ್ಲ ನಿಲ್ಲುವುದಿಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರು ಮಲಗುವ ಶೆಡ್ಡು ಯಾವ ದಿಕ್ಕಿಗಿದೆ, ಎಷ್ಟು ದೂರ? ಊರೊಳಗಿನ ಮನೆಯಾದರೆ ಪಕ್ಕದ ಮನೆಯ ಕಿಟಕಿ ಎಲ್ಲಿ? ಈ ಲೆಕ್ಕ ಹಗಲಲ್ಲೇ ಹಾಕಬೇಕು. ಸಣ್ಣ ಚರೆಗಳಲ್ಲಿ ಬಿಬಿ ಸುಮಾರು 4 ಮಿಲಿಮೀಟರ್, 4ನೇ ನಂಬರ್ ಸುಮಾರು 3. ಇವು ಗೋಡೆ ಶೀಟುಗಳಲ್ಲಿ ಬೇಗ ಸೋಲುತ್ತವೆ, ಮನೆಯೊಳಗಿನ ದೂರಕ್ಕೆ ಹೆಚ್ಚು ಒಪ್ಪುವುದು ಇಂಥವೇ. ಹಾಗೆಂದು ಸಣ್ಣ ಚರೆ ಬರೀ ಹೆದರಿಸುತ್ತದೆ, ಸಾಯಿಸುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಚರೆ ಹರಡುವುದು ಹೆಚ್ಚುಕಡಿಮೆ ಗಜಕ್ಕೊಂದು ಇಂಚು. 15 ಅಡಿಯಲ್ಲಿ ಅದು ಅಂಗೈಯಷ್ಟೇ ಅಗಲ, ಇಡೀ ಮುಷ್ಟಿಯಾಗಿಯೇ ಹೋಗುತ್ತದೆ. ಕೋವಿಗೆ ಗುರಿ ಬೇಡ, ಆ ದಿಕ್ಕಿಗೆ ಹಿಡಿದರೆ ಸಾಕು ಎಂಬುದೂ ಇದೇ ಕಾರಣಕ್ಕೆ ಸುಳ್ಳು. ಒಂದು ಒಳ್ಳೆಯ ಟಾರ್ಚು ಕೋವಿಯಷ್ಟೇ ಮುಖ್ಯ. ಕತ್ತಲಲ್ಲಿ ಬಾಗಿಲು ತಳ್ಳುತ್ತಿರುವವನು ಕಳ್ಳನೋ, ಕೊನೆಯ ಬಸ್ಸು ತಪ್ಪಿ ತಡವಾಗಿ ಬಂದ ಮಗನೋ ತಿಳಿಯದೆ ಬೆರಳು ಟ್ರಿಗರಿನ ಹತ್ತಿರ ಹೋಗಬಾರದು. ಕೋಣೆಯಿಂದ ಕೋಣೆಗೆ ಹುಡುಕುತ್ತ ಹೋಗುವುದೂ ಬೇಡ. ಎಲ್ಲರೂ ಒಂದೇ ಕೋಣೆ ಸೇರಿ, ಅಗುಳಿ ಹಾಕಿ, 112ಕ್ಕೆ ಫೋನ್ ಮಾಡಿ, ಕೋವಿ ಇದೆ ಎಂದು ಗಟ್ಟಿಯಾಗಿ ಕೂಗಿ ಹೇಳಿ.

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ರಾತ್ರಿ ಮನೆ ಮುರಿದು ನುಗ್ಗುವವನ ವಿಷಯ 41ನೇ ಕಲಮಿನಲ್ಲಿದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ ಎಂದು 37ನೇ ಕಲಮು ಹೇಳುತ್ತದೆ. ಗೊನೆ ಕದ್ದು ಬೇಲಿ ಹಾರುತ್ತಿರುವವನ ಬೆನ್ನಿಗೆ ಹೊಡೆದರೆ ಜೈಲಿಗೆ ಹೋಗುವುದು ತೋಟದವರೇ. ಮೊಳಕಾಲ್ಮೂರು ಕಡೆಯ ಕರಡಿ, ಜೋಗಿಮಟ್ಟಿಯ ಚಿರತೆ ಇವಕ್ಕೂ ಕಾನೂನಿನ ರಕ್ಷೆ ಇದೆ. ಮನುಷ್ಯರ ಪ್ರಾಣಕ್ಕೆ ಬಂದಾಗ ಮಾತು ಬೇರೆ, ಶೇಂಗಾ ಹೊಲ ಕಾಯಲು ಅವುಗಳ ಮೇಲೆ ಕೋವಿ ಎತ್ತುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವುದಕ್ಕೂ 2019ರಿಂದ ಎರಡು ವರ್ಷದವರೆಗೆ ಜೈಲಿದೆ.

ಇನ್ನು ಇಡುವ ಜಾಗ. ಕೋವಿಯನ್ನು ಬಿಚ್ಚಿ ನಳಿಗೆ ಮತ್ತು ಹಿಡಿಯನ್ನು ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರುವಿನಲ್ಲಿ, ಮುಂಗೈ ಮರವನ್ನು ಬೇರೆ ಬೀಗದಲ್ಲಿ, ತೋಟಾವನ್ನು ಮೂರನೆಯ ಕಡೆ ಇಡಿ. ಜೋಡಿಸಲು ಅರ್ಧ ನಿಮಿಷ ಸಾಕು, ಅಭ್ಯಾಸವಿರಲಿ. ಮೈಲುತುತ್ತದ ಚೀಲ ಇಡುವ ಕೋಣೆಯಲ್ಲಿ ಮಾತ್ರ ಬೇಡ. ಬೋರ್ಡೋ ದ್ರಾವಣಕ್ಕೆ ತಂದ ಆ ಪುಡಿಯ ಧೂಳು ತೇವಕ್ಕೆ ಸೇರಿದರೆ ಉಕ್ಕನ್ನೂ ತೋಟಾದ ಹಿತ್ತಾಳೆಯನ್ನೂ ತಿನ್ನುತ್ತದೆ. ಚರ್ಮದ ಚೀಲ, ಬಟ್ಟೆಯ ಗವಸು ತೇವ ಹಿಡಿದಿಟ್ಟುಕೊಳ್ಳುತ್ತವೆ, ಕೊಂಡೊಯ್ಯಲು ಮಾತ್ರ ಅವು. ಎಣ್ಣೆ ತೆಳುವಾಗಿ ಸವರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಯ ಮರವನ್ನು ಕೊಳೆಸುತ್ತದೆ. ಉಬ್ಬಿದ, ಹಸಿರು ಕಟ್ಟಿದ ಹಳೆಯ ತೋಟಾಗಳನ್ನು ಉಪಯೋಗಿಸಬೇಡಿ, ತಿಪ್ಪೆಗೂ ಎಸೆಯಬೇಡಿ. ವ್ಯಾಪಾರಿಗೋ ಠಾಣೆಗೋ ಒಪ್ಪಿಸಿ.

ಚುನಾವಣೆ ಬಂದಾಗ ಜಿಲ್ಲಾಡಳಿತದ ಆದೇಶದಂತೆ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗುತ್ತದೆ. ಕೊಡುವಾಗ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ತಿಂಗಳು ಒಂದೂವರೆ ತಿಂಗಳು ಕಳೆದು ವಾಪಸು ತಂದ ದಿನ ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ಆರಪಾರ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಕೋವಿಯ ಮೂತಿಯಷ್ಟು ಹಿಡಿಸುವ ತೂತು ಇನ್ನೊಂದಿಲ್ಲ. ಒಳಗೆ ಅದು ಮೆತ್ತಿದ ಒಂದು ಉಂಡೆ ಮಣ್ಣು ನಳಿಗೆ ಸಿಡಿಯಲು ಸಾಕು.